ಏಳು ಎಲೆ, ಹದಿನಾಲ್ಕು ಮುಳ್ಳು

ಫೆಬ್ರವರಿ ೩

ಸೊಸೆಗೆ ಆಶೀರ್ವಾದ.

ನೀನು ಕಳುಹಿಸಿದ ಫೋಟೋ ನಿನ್ನೆ ಬಂತು. ಮಡಿಕೆ ಬೀಳದಂತೆ ಎರಡು ರಟ್ಟಿನ ಮಧ್ಯೆ ಇಟ್ಟು ಕಳುಹಿಸಿದ್ದೀಯೆ, ಅದು ಜಾಣತನ. ಹೊಗಳುವುದು ಇಲ್ಲಿಗೆ ಮುಗಿಯಿತು.

ಅಲ್ಲಮ್ಮಾ, ನಾನು ನಿನಗೆ ಹೇಳಿದ್ದೇನು? ಹೊಸ ಸೇತುವೆಯ ಮೇಲೆ ಮಾದರಿಗೆಂದು ನಿಲ್ಲಿಸಿರುವ ನನ್ನ ದೀಪದ ಒಂದು ಫೋಟೋ ತೆಗೆದುಕೊಡು ಎಂದೆ. ಮುಳ್ಳುಹಂದಿಯ ಫೋಟೋ ಕೇಳಿರಲಿಲ್ಲ. ದೀಪದ ಸುತ್ತ ಚಾಚಿಕೊಂಡಿವೆಯಲ್ಲ, ಇವೇನು? ಭೂತಗನ್ನಡಿ ಹಿಡಿದು ಎಣಿಸಿದೆ. ಹದಿನಾಲ್ಕು. ನಿನ್ನ ಅತ್ತೆಯೂ ಎಣಿಸಿದಳು, ಅವಳಿಗೂ ಹದಿನಾಲ್ಕೇ. ಮದುವೆಯಾದ ಮೇಲೆ ನಮ್ಮಿಬ್ಬರ ಲೆಕ್ಕ ತಾಳೆಯಾದದ್ದು ಇದೇ ಮೊದಲು.

ನಾನು ಇಷ್ಟು ವರ್ಷ ಮಾಡಿಕೊಂಡು ಬಂದಿರುವುದು ಕಣ್ಣು ಕುಕ್ಕದ ದೀಪ. ಅದರ ಕೆಳಗೆ ನಿಂತವರು ತಲೆಯೆತ್ತಿ ದೀಪವನ್ನೂ ನೋಡಬಹುದು, ಎದುರಿಗಿದ್ದವರ ಮುಖವನ್ನೂ ನೋಡಬಹುದು. ನಿನ್ನ ಫೋಟೋ ನೋಡಿದವರು ಎಲ್ಲಿ ಚುಚ್ಚುತ್ತದೋ ಎಂದು ದೂರ ಸರಿದಾರು. ಗಾಜು ಸೀಳಿರಬೇಕೆಂದು ನಮ್ಮ ಕಾರ್ಖಾನೆಯ ಬೆಸುಗೆಯವನನ್ನು ಕರೆದುಕೊಂಡು ಹೋಗಿ, ಏಣಿ ಹಾಕಿ, ಗೋಳ ಇಳಿಸಿ, ತೊಳೆದು ಬೆರಳಾಡಿಸಿ ನೋಡಿದೆ. ಒಂದು ಗೀರೂ ಇಲ್ಲ. ಸುಮ್ಮಸುಮ್ಮನೆ ರೇಗಿದ್ದಕ್ಕೆ ಬೆಸುಗೆಯವನು ಇವತ್ತು ಮುಖ ಊದಿಸಿಕೊಂಡು ಕೂತಿದ್ದಾನೆ.

ನಿನಗೆ ಗೊತ್ತಿರುವುದೇ. ಸೇತುವೆಗೆ ಯಾರ ದೀಪ ಎಂದು ಸಮಿತಿಯವರು ಈ ತಿಂಗಳು ಇಪ್ಪತ್ತರಂದು ಫೋಟೋ ನೋಡಿ ತೀರ್ಮಾನಿಸುತ್ತಾರೆ. ಎದುರಾಳಿ ಆ ದೊಡ್ಡ ಕಾರ್ಖಾನೆ, ಅದೇ ಸೇತುವೆಯ ಮೇಲೆ ಅವರು ನಿಲ್ಲಿಸಿರುವ ದೀಪ ಸೂರ್ಯನಿಗೇ ಸಡ್ಡು ಹೊಡೆಯುವಂಥದ್ದು. ಈ ಕೆಲಸ ತಪ್ಪಿದರೆ ನನ್ನ ಕಾರ್ಖಾನೆಗೆ ಬೀಗ, ಅದರಲ್ಲಿ ಎರಡು ಮಾತಿಲ್ಲ. ಇಂಥ ಹೊತ್ತಿನಲ್ಲಿ ಇರುವುದನ್ನು ತೋರಿಸಬೇಕಾದವಳು ಇಲ್ಲದ್ದನ್ನು ತೋರಿಸಿದ್ದೀಯೆ.

ಕಾಗದ ಬರೆ. ಫೋನು ಬೇಡ. ನನ್ನ ಕಿವಿಗೆ ಅರ್ಧ ಬೀಳುತ್ತದೆ, ಉಳಿದರ್ಧ ನಾನೇ ಕಟ್ಟಿಕೊಂಡು ಜಗಳಕ್ಕೆ ನಿಲ್ಲುತ್ತೇನೆ.

ನಿನ್ನ ಮಾವ

ಇದು ಅತ್ತೆ. ಲಕೋಟೆಗೆ ಅಂಟು ಹಚ್ಚುವವಳು ನಾನು, ಹಾಗಾಗಿ ಕೊನೆಯ ಮಾತು ನನ್ನದು. ಫೋಟೋ ತುಂಬಾ ಚೆನ್ನಾಗಿದೆ. ನಾನು ಹೀಗೆಂದೆ ಎಂದು ಇವರಿಗೆ ಬರೆಯಬೇಡ.


ಫೆಬ್ರವರಿ ೭

ಮಾವನವರಿಗೆ ನಮಸ್ಕಾರ.

ನೀವು ಗೋಳ ಇಳಿಸಬೇಕಿರಲಿಲ್ಲ. ಬೆಸುಗೆಯವರನ್ನು ದಯವಿಟ್ಟು ಸಮಾಧಾನ ಮಾಡಿ. ಮುಳ್ಳು ದೀಪದ್ದಲ್ಲ, ನನ್ನ ಲೆನ್ಸಿನದು.

ದೀಪವೂ ಕಾಣಬೇಕು, ಕೆಳಗೆ ಕತ್ತಲಲ್ಲಿರುವ ನದಿಯೂ ಕಾಣಬೇಕು, ಸೇತುವೆಯ ಆಚೆ ತುದಿಯ ಕಂಬಿಯೂ ಸ್ಪಷ್ಟವಾಗಿರಬೇಕು ಎಂದವರು ನೀವೇ. ಒಂದು ಫೋಟೋದಲ್ಲಿ ಅದು ಆಗದ ಕೆಲಸ. ನದಿ ಕಂಡರೆ ದೀಪ ಬಿಳಿ ಉಂಡೆಯಾಗುತ್ತದೆ, ದೀಪ ಕಂಡರೆ ನದಿ ಮಸಿಯಾಗುತ್ತದೆ. ಅದಕ್ಕೇ ಕ್ಯಾಮೆರಾ ಅಲುಗಿಸದೆ ಐದು ಫೋಟೋ ತೆಗೆದೆ. ಒಂದು ಕಣ್ಣು ಮಿಟುಕಿಸುವಷ್ಟರದ್ದು, ಕೊನೆಯದು ಅರ್ಧ ನಿಮಿಷದ್ದು. ಐದನ್ನೂ ಬೆಸೆದು ಒಂದು ಮಾಡಿದೆ. ಆಚೆ ತುದಿ ಸ್ಪಷ್ಟವಾಗಲೆಂದು ಲೆನ್ಸಿನಲ್ಲಿ ಬೆಳಕು ಬರುವ ಕಂಡಿಯನ್ನು ತೀರಾ ಕಿರಿದು ಮಾಡಿದ್ದೆ. ನನ್ನ ಲೆನ್ಸಿನ ಒಳಗೆ ಏಳು ಎಲೆಗಳಿವೆ. ಕಿರಿದಾದ ಕಂಡಿಯಲ್ಲಿ ನುಗ್ಗುವ ಬೆಳಕು ಒಂದೊಂದು ಎಲೆಯ ಅಂಚಿಗೂ ತಗುಲಿ ಎರಡೆರಡು ಕಡೆ ಚದುರುತ್ತದೆ. ಹಾಗಾಗಿ ಹದಿನಾಲ್ಕು. ಶಾಲೆಯ ಪುಸ್ತಕದಲ್ಲಿ ಇದಕ್ಕೆ ವಿವರ್ತನೆ ಎನ್ನುತ್ತಾರೆ. ಮಾಮೂಲಿ ಫೋಟೋದಲ್ಲಿ ಇಷ್ಟು ಎದ್ದು ಕಾಣುವುದಿಲ್ಲ. ಅರ್ಧ ನಿಮಿಷ ಕಾದ ಫೋಟೋದಲ್ಲಿ ಮುಳ್ಳುಗಳು ತುದಿಯವರೆಗೂ ಬೆಳೆದವು, ಬೆಸೆಯುವಾಗ ನದಿಯ ಜೊತೆ ಅವೂ ಬಂದವು.

ನಂಬಿಕೆ ಬರದಿದ್ದರೆ ಕಣ್ಣು ಕಿರಿದು ಮಾಡಿ ಯಾವ ದೀಪವನ್ನಾದರೂ ನೋಡಿ. ರೆಪ್ಪೆಗೆ ತಾಗಿಯೂ ಬೆಳಕು ಚದುರುತ್ತದೆ. ಕಣ್ಣು ಒದ್ದೆಯಾಗಿದ್ದರೂ ಹೀಗೆಯೇ ಕಿರಣಗಳು ಒಡೆದು ಕಾಣುತ್ತವೆ.

ಕಂಡಿ ಪೂರ್ತಿ ತೆರೆದು ಮತ್ತೊಂದು ತೆಗೆದರೆ ಮುಳ್ಳು ಬರುವುದಿಲ್ಲ, ಆದರೆ ಆಚೆ ತುದಿ ಮಸುಕಾಗುತ್ತದೆ. ಅದಕ್ಕೂ ನಾನು ಈಗ ಬರುವಂತಿಲ್ಲ. ಬೂಟಿನ ಕಂಪನಿಯ ಕೆಲಸ ಒಪ್ಪಿಕೊಂಡಿದ್ದೇನೆ, ದಿನವಿಡೀ ಎಡಗಾಲಿನ ಬೂಟುಗಳ ಫೋಟೋ ತೆಗೆಯುತ್ತಿದ್ದೇನೆ. ಸೇತುವೆಯ ಗಾಳಿಗೆ ಹಿಡಿದ ನೆಗಡಿಯೂ ಬಿಟ್ಟಿಲ್ಲ. ನಿಮ್ಮ ಮಗ ಚೆನ್ನಾಗಿದ್ದಾರೆ, ಅವರಿಗೆ ನೆಗಡಿಯಿಲ್ಲ, ಕೆಲಸವೂ ಅಷ್ಟಾಗಿ ಇಲ್ಲ.

ನಿಮ್ಮ ಸೊಸೆ


ಫೆಬ್ರವರಿ ೧೧

ಸೊಸೆಗೆ ಆಶೀರ್ವಾದ.

ನಿನ್ನ ಕಾಗದ ಓದಿ ನನ್ನ ತಲೆ ಕೆಟ್ಟಿತು. ಲೆನ್ಸಿನೊಳಗೆ ಏಳು ಎಲೆ ಹೋಗಿ ಕೂರುವವರೆಗೆ ನೀನು ಏನು ಮಾಡುತ್ತಿದ್ದೆ? ಕ್ಯಾಮೆರಾವನ್ನು ಮರದ ಕೆಳಗೆ ಇಟ್ಟುಕೊಂಡಿದ್ದೆಯಾ? ಒಂದು ಎಲೆ ಎಂದಿದ್ದರೆ ಹೋಗಲಿ, ಗಾಳಿಗೆ ಬಂತು ಎನ್ನಬಹುದು. ಏಳು! ಅದೂ ಎಣಿಸಿದ್ದೀಯೆ. ಎಣಿಸುವಷ್ಟು ಪುರುಸೊತ್ತಿದ್ದವಳಿಗೆ ಗುಡಿಸುವಷ್ಟು ಇರಲಿಲ್ಲವೇ? ಸಾಲದ್ದಕ್ಕೆ ಏಳು ಎಲೆಗೆ ಹದಿನಾಲ್ಕು ಮುಳ್ಳು ಎನ್ನುತ್ತೀಯೆ. ಅದು ಯಾವ ಗಿಡ?

ವಿವರ್ತನೆ ಎಂಬ ಪದವನ್ನು ನಿನ್ನ ಅತ್ತೆಗೆ ಓದಿ ಹೇಳಿದೆ. "ವರ್ತನೆ ಸರಿ ಇಲ್ಲ ಅಂತ ಇರ್ಬೇಕು ಬಿಡಿ, ನಿಮ್ಮನ್ನೇ ಅಂದಿರ್ತಾಳೆ" ಎಂದಳು.

ಕಣ್ಣು ಕಿರಿದು ಮಾಡುವ ಪರೀಕ್ಷೆಯೂ ಆಯಿತು. ನಾನು ಮತ್ತು ಬೆಸುಗೆಯವನು ಬೀದಿಯಲ್ಲಿ ನಿಂತು ಎದುರು ಮನೆಯ ದೀಪವನ್ನು ಅರೆಗಣ್ಣಿನಿಂದ ನೋಡುತ್ತಿದ್ದೆವು. ಆ ಮನೆಯಾಕೆ ಹೊರಬಂದು, "ಯಾಕ್ರೀ, ನಮ್ಮ ಮನೆ ನೋಡಿ ಮುಖ ಸಿಂಡರಿಸ್ತೀರಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಬಾಗಿಲು ಹಾಕಿಕೊಂಡರು. ನನಗೆ ನಾಲ್ಕೈದು ಗೆರೆ ಕಂಡದ್ದು ನಿಜ. ಅದು ವಯಸ್ಸಿನ ದೋಷ. ಬೆಸುಗೆಯವನಿಗೂ ಕಂಡವು, ಅವನು ನನ್ನ ಮಾತಿಗೆ ಹೂಂ ಎನ್ನುವವನು.

ಬೇರೆ ಫೋಟೋ ಇಲ್ಲ, ದಿನವೂ ಇಲ್ಲ. ಇದನ್ನೇ ಸಮಿತಿಗೆ ಕೊಡುತ್ತೇನೆ. ಆದರೆ ಅಡ್ಡಗೋಡೆಯ ಮೇಲೆ ದೀಪ ಇಡುವ ಜಾಯಮಾನ ನನ್ನದಲ್ಲ. ಈ ಮುಳ್ಳುಗಳು ದೀಪದ ಗುಣವಲ್ಲ, ಏಳು ಎಲೆಗಳಿಂದ ಆದದ್ದು ಎಂದು ಅವರೆದುರು ಬಾಯಿಬಿಟ್ಟು ಹೇಳುತ್ತೇನೆ. ನಿನ್ನ ಹೆಸರು ಎತ್ತುವುದಿಲ್ಲ, ಮನೆಯ ಮರ್ಯಾದೆ.

ನಿನ್ನ ಮಾವ

ಅತ್ತೆ. ನೆಗಡಿಗೆ ಬಿಸಿನೀರಿನ ಹಬೆ ತೆಗೆದುಕೋ. ಆ ಸಂಜೆ ಸೇತುವೆಯ ಮೇಲೆ ನೀನು ಗಾಳಿಯಲ್ಲಿ ಕೂತದ್ದು ನೋಡಿ ನನಗೇ ಚಳಿಯಾಗಿತ್ತು. ಇವರು ಮನೆಗೆ ಬಂದು ಶಾಲು ಹೊದ್ದುಕೊಂಡದ್ದನ್ನು ಬರೆದಿಲ್ಲ ನೋಡು.


ಫೆಬ್ರವರಿ ೧೬

ದೀಪದ ಕಾರ್ಖಾನೆಯ ಮಾಲೀಕರಿಗೆ.

ಮಾನ್ಯರೇ,

ನಿಮ್ಮ ೧೧ನೇ ತಾರೀಖಿನ ಪತ್ರ ತಲುಪಿದೆ. ಎಲೆ ಎಂದರೆ ಮರದ ಎಲೆಯಲ್ಲ. ಲೆನ್ಸಿನ ಕಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ತೆಳುವಾದ ಉಕ್ಕಿನ ತಗಡುಗಳಿಗೆ ನಮ್ಮ ಕೆಲಸದವರು ಎಲೆ ಎನ್ನುತ್ತಾರೆ. ಒಂದರ ಮೇಲೊಂದು ಸರಿದು ನಡುವೆ ಕಂಡಿ ಬಿಡುತ್ತವೆ. ಅವನ್ನು ಗುಡಿಸಲು ಬರುವುದಿಲ್ಲ.

ಇಲ್ಲದ್ದನ್ನು ತೋರಿಸಿದ್ದೀಯೆ ಎಂದು ಬರೆದಿದ್ದಿರಿ. ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಬೆಳಕು ಅಲ್ಲಿಗೆ ಬಂದದ್ದು ನಿಜ, ಅಂಚಿಗೆ ತಾಗಿದ್ದು ನಿಜ, ಚದುರಿದ್ದು ನಿಜ. ನಾನೇನೂ ಬರೆದು ಸೇರಿಸಿದ್ದಲ್ಲ. ಸಮಿತಿಯವರ ಎದುರು ಎಲೆಯ ಮಾತು ಎತ್ತಬೇಡಿ, ನಗೆಪಾಟಲಾದೀತು.

ಬೂಟುಗಳು ಕ್ಷೇಮ. ಇವತ್ತು ಬಲಗಾಲಿನವು ಶುರುವಾದವು.

ಇಂತಿ, ಫೋಟೋ ತೆಗೆದವಳು


ಫೆಬ್ರವರಿ ೨೧

ಸೊಸೆಗೆ ಆಶೀರ್ವಾದ.

ನಿನ್ನ ಕಾಗದ ಒಂದು ದಿನ ತಡವಾಗಿ ಬಂತು. ನಾನು ಆಗಲೇ ಎಲೆಯ ಮಾತು ಎತ್ತಿಯಾಗಿತ್ತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನಡುವೆ ಬಾಯಿ ಹಾಕಬೇಡ.

ಸಮಿತಿಯ ಕೋಣೆಯಲ್ಲಿ ಎರಡು ಫೋಟೋ ನಿಲ್ಲಿಸಿದ್ದರು. ದೊಡ್ಡ ಕಾರ್ಖಾನೆಯವರ ದೀಪ ಬಿಳಿ ಉಂಡೆ, ನದಿ ಮಸಿ, ನೀನು ಹೇಳಿದಂತೆಯೇ. ಅಧ್ಯಕ್ಷರು ಅದನ್ನು ನೋಡಿ ಆಕಳಿಸಿ ನಮ್ಮದರ ಮುಂದೆ ಬಂದು ನಿಂತರು. ನಿಂತವರು ನಿಂತೇ ಇದ್ದರು.

"ಏನ್ರೀ ಇದು! ದೀಪ ಮಾಡಿ ಅಂದ್ರೆ ನಕ್ಷತ್ರ ಕಿತ್ಕೊಂಡು ಬಂದು ಕಂಬಕ್ಕೆ ಸಿಕ್ಕಿಸಿದೀರಲ್ಲ!"

"ನಕ್ಷತ್ರಾನೇ ಸರ್" ಎಂದರು ಕಾರ್ಯದರ್ಶಿ. ಊರಲ್ಲಿ ಅವರನ್ನು ಕರೆಯುವುದೇ ಪ್ರತಿಧ್ವನಿ ಎಂದು.

ನಾನು ಎದ್ದು ನಿಂತು, "ಸ್ವಾಮೀ, ಇದು ದೀಪದ ಗುಣ ಅಲ್ಲ. ಏಳು ಎಲೆ ಇದ್ದಿದ್ರಿಂದ ಹೀಗೆ ಕಾಣ್ತಿದೆ" ಎಂದೆ.

"ಏಳೇ ಎಲೆಗೆ ಇಷ್ಟು ಚೆನ್ನಾಗಿ ಕಾಣುತ್ತಾ?"

"ಕಾಣುತ್ತೆ. ಆದ್ರೆ ಅದು..."

"ಹಾಗಾದ್ರೆ ಎಲ್ಲಾ ದೀಪಕ್ಕೂ ಏಳೇಳು ಎಲೆ ಹಾಕ್ಸಿಬಿಡಿ."

"ಹಾಕ್ಸಿಬಿಡಿ" ಎಂದರು ಪ್ರತಿಧ್ವನಿ, ಬರೆದುಕೊಂಡೂ ಬಿಟ್ಟರು.

ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಎಲ್ಲರೂ ಎದ್ದು ಕೈಕುಲುಕುತ್ತಿದ್ದರು. ಇವತ್ತು ಕರಾರು ಪತ್ರ ಬಂದಿದೆ. ಆರನೇ ಷರತ್ತು: ಪ್ರತಿ ದೀಪಕ್ಕೂ ಏಳು ಎಲೆಗಳು ಇರತಕ್ಕದ್ದು.

ಬೆಸುಗೆಯವನು ಕುಣಿದಾಡುತ್ತಿದ್ದಾನೆ. ನಾನು ಆರನೇ ಷರತ್ತನ್ನೇ ಮತ್ತೆ ಮತ್ತೆ ಓದುತ್ತಿದ್ದೇನೆ. ಅವರಿಗೆ ಬೇಕಾದದ್ದು ನನ್ನ ದೀಪವಲ್ಲ, ನಿನ್ನ ಮುಳ್ಳು. ದೀಪ ಹಚ್ಚಿದ ದಿನ ಒಂದು ಮುಳ್ಳೂ ಕಾಣದಿದ್ದರೆ ಊರೆಲ್ಲ ಸೇರಿ ನನ್ನನ್ನು ಮೋಸಗಾರ ಎನ್ನುತ್ತದೆ. ಸಹಿ ಹಾಕದೆ ವಾಪಸ್ಸು ಕಳುಹಿಸೋಣ ಎಂದಿದ್ದೇನೆ. ಕಾರ್ಖಾನೆ ಮುಚ್ಚಿದರೆ ಮುಚ್ಚಲಿ. ಎಲೆಯ ವಿಷಯದಲ್ಲಿ ನಾನು ಸ್ವಲ್ಪ ದುಡುಕಿರಬಹುದು.

ನಿನ್ನ ಮಾವ

ಅತ್ತೆ. ಸ್ವಲ್ಪ ಅಂತೆ! ನಿನ್ನ "ಮಾನ್ಯರೇ" ಓದಿ ಇವರು ಊಟ ಅರ್ಧಕ್ಕೆ ಬಿಟ್ಟು ಎದ್ದರು. ಕರಾರನ್ನು ನಾನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಬೇಗ ಬರೆ.


ಫೆಬ್ರವರಿ ೨೬

ಮಾವನವರಿಗೆ ನಮಸ್ಕಾರ.

ವಾಪಸ್ಸು ಕಳುಹಿಸಬೇಡಿ. ನನ್ನ ಮೇಲಿನ ಸಿಟ್ಟಿಗಾದರೂ ಕಳುಹಿಸಬೇಡಿ.

ನಿಮ್ಮ ಪತ್ರ ಓದಿ ಮೊದಲು ನಕ್ಕೆ. ಬೂಟಿನ ಕಂಪನಿಯವರು ಒಳಗೆ ಬಂದು ನೋಡುವಷ್ಟು ನಕ್ಕೆ. ಆಮೇಲೆ ನನಗೂ ಭಯವಾಯಿತು, ಏಕೆಂದರೆ ನೀವು ಹೇಳುತ್ತಿರುವುದು ಸರಿ. ನಕ್ಷತ್ರ ಕೊಡುತ್ತೇವೆಂದು ದೀಪ ಕೊಡಬಾರದು. ಹಾಗಾಗಿ ಸಹಿಗೆ ಮುಂಚೆ ಅವರನ್ನು ಸೇತುವೆಗೆ ಕರೆಯಿರಿ. ನಿಮ್ಮದು, ದೊಡ್ಡ ಕಾರ್ಖಾನೆಯದು, ಎರಡು ದೀಪಗಳನ್ನೂ ಹಚ್ಚಿ, ಬರಿಗಣ್ಣಿಗೆ ನಕ್ಷತ್ರ ಕಾಣುವುದಿಲ್ಲ, ಅದು ಕ್ಯಾಮೆರಾದ ಕೆಲಸ ಎಂದು ಹೇಳಿ. ಈ ಸಲ ಎಲೆ ಎನ್ನಬೇಡಿ, ತಗಡು ಎನ್ನಿ. ಆಮೇಲೂ ಬೇಕೆಂದರೆ ಕೊಡಿ. ಬೇಡವೆಂದರೆ ಆಗ ಬೀಗ ಹಾಕೋಣ, ಬೀಗದ ಫೋಟೋ ನಾನು ತೆಗೆಯುತ್ತೇನೆ, ಮುಳ್ಳಿಲ್ಲದೆ.

ಒಂದು ಮಾತು ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಆ ಸಂಜೆ ನದಿಯ ಗಾಳಿಗೆ ಕ್ಯಾಮೆರಾ ಅಲುಗೀತೆಂದು ಅದರ ಕಾಲುಗಳನ್ನು ತಬ್ಬಿಕೊಂಡು ಕೂತಿದ್ದೆ. ನಿಮ್ಮ ದೀಪದ ಕೆಳಗೆ ಕೂತು ನನ್ನ ಅಂಗೈ ರೇಖೆ ನೋಡಬಹುದಾಗಿತ್ತು, ತಲೆಯೆತ್ತಿದರೆ ಗಾಜಿನ ಅಂಚೂ ಕಾಣುತ್ತಿತ್ತು. ಇಂಥ ದೀಪ ನಾನು ಬೇರೆಲ್ಲೂ ನೋಡಿಲ್ಲ. ಅದನ್ನೇ ತೋರಿಸಲು ಹೋಗಿ ಮುಳ್ಳು ಬಂತು, ನನಗೂ ಬೇಸರವಾಗಿತ್ತು. ಅದಕ್ಕೇ ಆ ಸಾಲು ಅಷ್ಟು ನೋಯಿಸಿತು.

ನಿಮ್ಮ ಸೊಸೆ


ಮಾರ್ಚ್ ೯

ಸೊಸೆಗೆ ಆಶೀರ್ವಾದ.

ಸಹಿ ಆಯಿತು. ಈಗ ವಿವರ ಕೇಳು.

ನಿನ್ನ ಕಾಗದವನ್ನು ಮೇಜಿನ ಮೇಲಿಟ್ಟು ನಾನು ಆರನೇ ಷರತ್ತಿಗೆ ತಲೆ ಕೆರೆದುಕೊಳ್ಳುತ್ತಿದ್ದೆ. ನಿನ್ನ ಅತ್ತೆ ಹೊಸ್ತಿಲಲ್ಲಿ ನಿಂತು, "ಎಲೆ ಕೇಳಿದ್ದಾರೆ, ಎಲೆ ಕೊಡಿ. ತಗಡು ಇಲ್ವಾ? ಕತ್ತರಿ ಇಲ್ವಾ?" ಎಂದಳು. ಬೆಸುಗೆಯವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಮಧ್ಯಾಹ್ನದೊಳಗೆ ಏಳು ತಗಡಿನ ಎಲೆ ಕತ್ತರಿಸಿ, ನರ ಗೀರಿ, ಗೋಳದ ಮೇಲ್ಗಡೆ ಕುತ್ತಿಗೆಯ ಸುತ್ತ ಬೆಸೆದೆವು. ಸುಮ್ಮನೆ ಅಂದಕ್ಕೆ ಎಂದುಕೊಂಡಿದ್ದೆ. ಹಚ್ಚಿ ನೋಡಿದರೆ ಆಕಾಶಕ್ಕೆ ವ್ಯರ್ಥವಾಗಿ ಹೋಗುತ್ತಿದ್ದ ಬೆಳಕನ್ನೂ ಅವು ಕೆಳಕ್ಕೆ ತಿರುಗಿಸುತ್ತಿವೆ. ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ. ಈ ವಿಷಯ ಅತ್ತೆಗೆ ಹೇಳಬೇಡ, ಆಮೇಲೆ ಹಿಡಿಯುವವರಿಲ್ಲ.

ಸೇತುವೆಗೆ ಸಮಿತಿ ಬಂತು. ಅಧ್ಯಕ್ಷರು ನನ್ನ ದೀಪವನ್ನೇ ನೋಡಿದರು, ಬಗ್ಗಿ ನೋಡಿದರು, ಹಿಂದೆ ಸರಿದು ನೋಡಿದರು. "ನಕ್ಷತ್ರ ಎಲ್ರೀ?" ಎಂದರು. ನಾನು ನೀನು ಬರೆದದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ಐದು ಫೋಟೋ, ಕಂಡಿ, ತಗಡಿನ ಅಂಚು, ಎಲ್ಲ. ಅವರ ಮುಖ ಬಾಡಿತು. ಪ್ರತಿಧ್ವನಿಯವರದೂ ಬಾಡಿತು. ಬೀಗ ಯಾವ ಅಂಗಡಿಯಲ್ಲಿ ಕೊಳ್ಳುವುದೆಂದು ಆಗಲೇ ಯೋಚಿಸುತ್ತಿದ್ದೆ ಎಂದು ನಿನಗೆ ಮಾತ್ರ ಬರೆಯುತ್ತಿದ್ದೇನೆ.

ಆಮೇಲೆ ದೊಡ್ಡ ಕಾರ್ಖಾನೆಯ ದೀಪ ಹಚ್ಚಿದರು. ಇಡೀ ಸಮಿತಿ ಕಣ್ಣಿಗೆ ಕೈ ಅಡ್ಡ ಹಿಡಿಯಿತು. ಅಧ್ಯಕ್ಷರು ಕಣ್ಣುಜ್ಜಿಕೊಳ್ಳುತ್ತಾ ಸೀದಾ ನನ್ನ ದೀಪದ ಕೆಳಗೆ ಓಡಿಬಂದರು. ಎದುರಿಗೆ ನಿಂತಿದ್ದ ಪ್ರತಿಧ್ವನಿಯವರನ್ನು ದಿಟ್ಟಿಸಿ, "ಅಲ್ರೀ, ನಿಮ್ಮ ಗಲ್ಲದ ಮೇಲೆ ಮಚ್ಚೆ ಇದೆಯಾ? ಇಷ್ಟು ವರ್ಷದಿಂದ ನೋಡೇ ಇಲ್ವಲ್ಲ!" ಎಂದರು. ಪ್ರತಿಧ್ವನಿಯವರು ಜೀವನದಲ್ಲಿ ಮೊದಲ ಸಲ ಬೇರೆ ಮಾತಾಡಿದರು: "ನೀವು ನನ್ನ ಮುಖ ಯಾವತ್ತು ನೋಡಿದೀರಿ ಸರ್?"

ಅಧ್ಯಕ್ಷರು ಆ ಮಚ್ಚೆಯನ್ನು ಮತ್ತೊಮ್ಮೆ ಬಗ್ಗಿ ನೋಡಿದರು. ಕೊನೆಗೆ ತಲೆಯೆತ್ತಿ ತಗಡಿನ ಎಲೆ ಎಣಿಸಿದರು. ಏಳಿದ್ದವು. "ಷರತ್ತಿನ ಪ್ರಕಾರವೇ ಇದೆ" ಎಂದು ಸಹಿ ಹಾಕಿದರು.

ನೀನು ಇಲ್ಲದ್ದನ್ನು ತೋರಿಸಿದೆ ಎಂದದ್ದನ್ನು ವಾಪಸ್ಸು ತೆಗೆದುಕೊಂಡಿದ್ದೇನೆ. ತಪ್ಪು ನನ್ನದು. ಇದನ್ನು ಎರಡನೇ ಸಲ ಬರೆಸಬೇಡ. ಜೂನ್ ಮೊದಲ ವಾರ ಎಲ್ಲ ದೀಪ ಒಟ್ಟಿಗೆ ಹಚ್ಚುತ್ತಾರೆ, ಬಾ. ನಿನ್ನ ಗಂಡನಿಗೂ ಪುರುಸೊತ್ತಿದ್ದರೆ, ಇದ್ದೇ ಇರುತ್ತದೆ, ಅವನನ್ನೂ ಕರೆದುಕೊಂಡು ಬಾ.

ನಿನ್ನ ಮಾವ


ಮೇ ೨೯

ಮಾವನವರಿಗೆ ನಮಸ್ಕಾರ.

ಬರಲಾಗುತ್ತಿಲ್ಲ. ಬೂಟಿನವರಿಗೆ ನನ್ನ ಕೆಲಸ ಹಿಡಿಸಿ ಚಪ್ಪಲಿಗಳನ್ನೂ ಕಳುಹಿಸಿದ್ದಾರೆ. ಎಡವೂ ಬಲವೂ. ಬೇಸರ ಮಾಡಿಕೊಳ್ಳಬೇಡಿ, ನಾನು ಮಾಡಿಕೊಂಡಿರುವುದು ಇಬ್ಬರಿಗೂ ಸಾಕಾಗುತ್ತದೆ.

ನನ್ನ ಬದಲು ನೀವೇ ನೋಡಿ. ನಿಮ್ಮ ಕಣ್ಣಿನ ಮುಂದೆ ಯಾವ ಕ್ಯಾಮೆರಾ ನಿಲ್ಲುತ್ತದೆ? ಕಣ್ಣು ದೀಪವನ್ನೂ ನದಿಯನ್ನೂ ಮುಖವನ್ನೂ ಒಂದೇ ನೋಟಕ್ಕೆ ಹಿಡಿಯುತ್ತದೆ, ಬೆಸೆಯುವ ಗೋಜಿಲ್ಲ. ನೋಡಿ ಬಂದು ಎಷ್ಟು ಮುಳ್ಳು ಕಂಡವು ಎಂದು ತಪ್ಪದೆ ಬರೆಯಿರಿ. ಸೊನ್ನೆ ಎಂಬ ಉತ್ತರವನ್ನು ಎದುರು ನೋಡುತ್ತಿರುತ್ತೇನೆ.

ನಿಮ್ಮ ಸೊಸೆ


ಜೂನ್ ೬

ಸೊಸೆಗೆ ಆಶೀರ್ವಾದ.

ನಿನ್ನೆ ಸಂಜೆ ದೀಪ ಹಚ್ಚಿದರು. ನೀನು ಕೇಳಿದ್ದಕ್ಕೆ ಉತ್ತರ ಬರೆಯುತ್ತಿದ್ದೇನೆ. ಸೊನ್ನೆ ಅಲ್ಲ. ನನಗೂ ಆಶ್ಚರ್ಯ.

ಶುರುವಿನಲ್ಲಿ ಎಲ್ಲ ಸರಿಯಿತ್ತು. ಜನ ಸೇತುವೆಯ ತುಂಬ ಇದ್ದರು. ದೀಪ ಹತ್ತಿದಾಗ ಎಲ್ಲರೂ ತಲೆಯೆತ್ತಿದರು. ಒಬ್ಬರೂ ಕಣ್ಣಿಗೆ ಕೈ ಅಡ್ಡ ಹಿಡಿಯಲಿಲ್ಲ. ಎಲ್ಲರ ಮುಖವೂ ಕಾಣುತ್ತಿತ್ತು, ದೂರದವರದ್ದೂ. ನೋಡುತ್ತಾ ನಿಂತಿದ್ದೆ. ಆಗ ಶುರುವಾಯಿತು. ಮೊದಲ ದೀಪಕ್ಕೆ ಮುಳ್ಳು ಬಂತು, ಆಮೇಲೆ ಸಾಲಿಗೆ ಸಾಲೇ, ಉದ್ದುದ್ದ, ಒಂದಕ್ಕೊಂದು ತಾಗುವಷ್ಟು. ಎಣಿಸಲು ಹೋದೆ, ಕಲಸಿಹೋದವು. ಗೋಳಗಳನ್ನು ನಾನೇ ಒರೆಸಿದ್ದೆ, ಗಾಜಿನ ದೋಷವಲ್ಲ. ಬೆಸುಗೆಯವನನ್ನು ಕೇಳಿದೆ, ಅವನಿಗೆ ಒಂದೂ ಕಾಣಲಿಲ್ಲವಂತೆ. ನದಿಯ ಗಾಳಿಗೆ ನನಗೂ ನೆಗಡಿ ಹಿಡಿದು ಹೀಗಾಗಿರಬೇಕು. ನೆಗಡಿಗೂ ವಿವರ್ತನೆಗೂ ಸಂಬಂಧವಿದೆಯೇ, ಶಾಲೆಯ ಪುಸ್ತಕ ನೋಡಿ ಬರೆ.

ನಿನ್ನ ಹದಿನಾಲ್ಕು ಮುಳ್ಳಿನ ಫೋಟೋಗೆ ಚೌಕಟ್ಟು ಹಾಕಿಸಿ ಕಾರ್ಖಾನೆಯ ಬಾಗಿಲ ಮೇಲೆ ತೂಗುಹಾಕಿದ್ದೇನೆ. ನೋಡಿದವರು ಇದೇನು ಎಂದು ಕೇಳುತ್ತಾರೆ. ನನ್ನ ದೀಪ, ನನ್ನ ಸೊಸೆಯ ಎಲೆ ಎನ್ನುತ್ತೇನೆ.

ನಿನ್ನ ಮಾವ

ಅತ್ತೆ. ಇವರಿಗೆ ನೆಗಡಿ ಆಗಿಲ್ಲ.